ಹಗ್ಗವಿಲ್ಲದ ಚಿತ್ರ

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಐದಕ್ಕೆ ಮನೆ ಸೇರಬೇಕೆಂದು ಅಮ್ಮ ಹೇಳಿ ಕಳಿಸಿದ್ದರಿಂದ ಅಪ್ಪಯ್ಯನ ಕೈಗಡಿಯಾರವನ್ನು ಆಗಷ್ಟೇ ನೋಡಿದ್ದೆ. ಈಗಲೂ ವಿನೆಗರಿನ ಹುಳಿ ವಾಸನೆ ಮೂಗಿಗೆ ಬಡಿದರೆ ಅರಬರ ನಾಡಿನ ಸೂರ್ ಪಟ್ಟಣದ ಹೊರಗಿದ್ದ ನಮ್ಮ ಬಾಡಿಗೆ ಮನೆಯಲ್ಲಿ ಅಪ್ಪಯ್ಯ ಫೋಟೊ ತೊಳೆಯುತ್ತಿದ್ದ ಬಚ್ಚಲು, ಅಲ್ಲಿ ಕೆಂಪು ಬಲ್ಬಿನ ಕೆಳಗೆ ತಟ್ಟೆಯ ನೀರಿನಲ್ಲಿ ಮೆಲ್ಲಗೆ ಮೂಡುತ್ತಿದ್ದ ಕಪ್ಪುಬಿಳುಪು ಮುಖಗಳು, ಕೊನೆಗೆ ಆ ನಾಲ್ಕು ಹತ್ತು ನೆನಪಾಗುತ್ತವೆ. ಮಕ್ಕಳ ಗಲಾಟೆಗೆ ಸದಾ ಬಾಗಿಲು ತೆರೆದಿರುತ್ತಿದ್ದ ಮನೆ ಅದು. ನಿಮಗೂ ಅಂಥದ್ದೊಂದು ಇದ್ದಿರಬಹುದು. ಅಪ್ಪಯ್ಯ ಗಂಗೊಳ್ಳಿಯ ಮೀನುಗಾರರ ಮಗ, ಸೂರ್‌ನಲ್ಲಿ ಐಸ್ ಫ್ಯಾಕ್ಟರಿಯ ಗುಮಾಸ್ತ. ಶುಕ್ರವಾರದ ರಜೆಯಲ್ಲಿ ಕ್ಯಾಮೆರಾ ಹೆಗಲಿಗೇರಿಸಿ ಮೀನುಗಾರರ ಕೇರಿಯ ಮಕ್ಕಳ ಚಿತ್ರ ತೆಗೆಯಲು ಹೊರಡುತ್ತಿದ್ದರು. ಒಣಗಲು ಹರವಿದ ಬೂತಾಯಿ ಮೀನಿನ ನಡುವೆ ಬರಿಗಾಲಲ್ಲಿ ಓಡುವವರು, ಬಲೆಯ ರಾಶಿಯ ಮೇಲೆ ನಿದ್ದೆಹೋದವರು. ಬಣ್ಣವಿದ್ದರೆ ಜನ ಅಂಗಿ ನೋಡುತ್ತಾರೆ, ಮುಖ ನೋಡುವುದಿಲ್ಲ ಎನ್ನುತ್ತಿದ್ದರು.

ಆ ಶುಕ್ರವಾರ ದೋಣಿಯಲ್ಲಿ ಕುಳಿತಿದ್ದವಳು ನನ್ನ ಗೆಳತಿ ಶಮ್ಸಾ, ಮಡಿಲಲ್ಲಿ ನಾಲ್ಕು ವರ್ಷದ ತಮ್ಮ. ನನ್ನಂತೆ ಅವಳಿಗೂ ಹತ್ತು ವರ್ಷ. ಮೀನು ಹಿಡಿದು ಬಂದ ಮೇಲೆ ಅವಳ ಅಪ್ಪ ರಾಶಿದ್ ಎಂಜಿನ್ ಕಳಚಿ ಮನೆಗೆ ಒಯ್ಯುತ್ತಿದ್ದ. ದೋಣಿಯನ್ನು ದಡದ ಕಬ್ಬಿಣದ ಗೂಟಕ್ಕೆ ಕಟ್ಟುವುದು ಶಮ್ಸಾಳ ಕೆಲಸ. ಕೇರಿಯ ಬೇರೆ ಯಾವ ಹುಡುಗಿಗೂ ಸಿಗದ ಆ ಕೆಲಸದ ಹೆಮ್ಮೆ ಅವಳ ನಡಿಗೆಯಲ್ಲೇ ಕಾಣುತ್ತಿತ್ತು.

ಅಪ್ಪಯ್ಯ ಮೂರು ಚಿತ್ರ ತೆಗೆದು ಕ್ಯಾಮೆರಾ ಇಳಿಸಿ ನನ್ನತ್ತ ತಿರುಗಿದರು. "ಹೆಣೆ, ಆ ಹಗ್ಗ ಮೋರೆಗೆ ಅಡ್ಡ ಬತ್ತ್. ಬಿಚ್ಚಿ ಹಿಡ್ಕೊ ಕಾಂಬ."

ಬಿಚ್ಚಿ ಹಿಡಿದು ಕುಕ್ಕರಗಾಲಲ್ಲಿ ಕೂತೆ. ಒಂದು ಚಿತ್ರಕ್ಕೆ ರೋಲ್ ಮುಗಿಯಿತು. ಹೊಸದನ್ನು ಹಾಕುವಾಗ ಬಿಸಿಲು ತಾಗಬಾರದೆಂದು ಅವರು ಬಲೆಯ ಗುಡಿಸಲಿನ ನೆರಳಿಗೆ ಹೋಗಿ, ಚೀಲ ತರಲು ನನ್ನನ್ನು ಕೂಗಿದರು. ಹಗ್ಗದ ತುದಿಯ ಮೇಲೆ ಕಲ್ಲೊಂದನ್ನಿಟ್ಟು ಓಡಿದೆ. ಚೀಲ ಕೊಟ್ಟು, ಅವರ ಗಡಿಯಾರ ನೋಡಿ ಹಿಂದಿರುಗುವಾಗ ಕಲ್ಲು ಅಲ್ಲೇ ಇತ್ತು, ಹಗ್ಗವಿರಲಿಲ್ಲ. ಇಳಿತದ ನೀರು, ಬೆನ್ನಿಗೆ ಮರಳುಗಾಡಿನ ಗಾಳಿ. ಎಂಜಿನ್ನೂ ಹುಟ್ಟೂ ಇಲ್ಲದ ದೋಣಿ ಹೊರಟುಹೋಗಿತ್ತು. ಮೊದಲು ನಗುತ್ತಿದ್ದ ಶಮ್ಸಾ ಆಮೇಲೆ ತಮ್ಮನನ್ನು ಎರಡು ಮೊಣಕಾಲುಗಳ ನಡುವೆ ಬಿಗಿದುಕೊಂಡಳು. ಅಪ್ಪಯ್ಯ ಬಟ್ಟೆಯಲ್ಲೇ ಈಜಿದರು, ದೋಣಿ ಅವರಿಗಿಂತ ಬೇಗ ಸರಿಯಿತು, ಸೋತು ದಡಕ್ಕೆ ಮರಳಿದರು. ನಾನು ರಾಶಿದ್‌ನ ಮನೆಗೆ ಓಡಿದೆ. ಅವನು ಎಂಜಿನ್ ಹೊತ್ತು ಬಂದು ಬೇರೊಂದು ದೋಣಿಗೆ ಕಟ್ಟುವಷ್ಟರಲ್ಲಿ ಮಕ್ಕಳು ಎಳ್ಳುಕಾಳಿನಷ್ಟಾಗಿದ್ದರು. ಮುಂದೆ ಕಾಲೇಜಿನಲ್ಲಿ ವೇಗ, ದೂರಗಳ ಲೆಕ್ಕ ಬಂದಾಗಲೆಲ್ಲ ನಾನು ಆ ದೋಣಿಯನ್ನೇ ಇಟ್ಟು ಲೆಕ್ಕ ಮಾಡಿದೆ. ಇನ್ನು ಕಾಲು ಗಂಟೆ ತಡವಾಗಿದ್ದರೆ ಎಂಬಲ್ಲಿಗೆ ಪೆನ್ನು ನಿಲ್ಲುತ್ತಿತ್ತು.

ಕತ್ತಲಾಗುವ ಮುಂಚೆ ರಾಶಿದ್ ಮಕ್ಕಳಿಬ್ಬರನ್ನೂ ದಡಕ್ಕೆ ತಂದ. ರಾಶಿದ್ ಮಗಳಿಗೆ ಹೇಳಿದ್ದು ಇಷ್ಟೇ: "ಖಲಾಸ್. ಇನ್ನು ದೋಣಿ ಮುಟ್ಟಬೇಡ."

"ನಾನು ಸರಿಯಾಗಿಯೇ ಕಟ್ಟಿದ್ದೆ ಬಾಬಾ."

ನಾನು ಬಿಚ್ಚಿದ್ದನ್ನು ಅವಳು ಕಂಡಿದ್ದಳು. ಹೇಳಲಿಲ್ಲ, ನನ್ನನ್ನೇ ನೋಡಿದಳು. ಅಪ್ಪಯ್ಯನೂ ಬಾಯಿ ಬಿಡಲಿಲ್ಲ. ಅವರಿಗೆ ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡ ಯಜಮಾನ, ಅವರ ಕಫೀಲ್, ರಾಶಿದ್‌ನ ದೊಡ್ಡಪ್ಪನ ಮಗ. ಅವನು ಮುನಿದರೆ ನಾವು ಊರಿಗೆ ಗಂಟು ಕಟ್ಟಬೇಕಿತ್ತು. ವಾರವಿಡೀ ನಮ್ಮ ಮನೆಯಲ್ಲಿ ಯಾರ ಕಣ್ಣೂ ಮುಚ್ಚಲಿಲ್ಲ. ಅಪ್ಪಯ್ಯ ಆ ರೋಲ್ ತೊಳೆದರು. ಕೊನೆಯ ಚಿತ್ರ ಅವರು ತೆಗೆದವುಗಳಲ್ಲೇ ಚೆಂದದ್ದು: ತುಂಬು ಬೆಳಕಿನಲ್ಲಿ ಶಮ್ಸಾಳ ನಗು, ಅಡ್ಡ ಏನೂ ಇಲ್ಲ. ಅಮ್ಮ ಅದನ್ನು ನೋಡಿ, "ಆ ಹೆಣ್ಣ್ ನಮ್ದಾಗಿದ್ರೆ ಹೀಂಗೇ ಕೂಕಂಡಿರ್ತಿದ್ರಿಯಾ?" ಎಂದಳು.

ಮರುಶುಕ್ರವಾರ ಅಪ್ಪಯ್ಯ ಎರಡು ಚಿತ್ರ ಹಿಡಿದು, ನನ್ನ ಕೈಯನ್ನೂ ಹಿಡಿದು ಹೋದರು. ಒಂದರಲ್ಲಿ ಗೂಟದವರೆಗೂ ಬಿಗಿಯಾದ ಹಗ್ಗ, ಅದರ ಗಂಟು. ಇನ್ನೊಂದರಲ್ಲಿ ಅದಿಲ್ಲ. "ಬಿಚ್ಚಲು ಹೇಳಿದ್ದು ನಾನು," ಎಂದರು ಹಿಂದಿಯಲ್ಲಿ. "ಬಿಚ್ಚಿದ್ದು, ಬಿಟ್ಟು ಹೋದದ್ದು ನಾನು," ಎಂದೆ. ರಾಶಿದ್ ಗಂಟಿನ ಮೇಲೆ ಹೆಬ್ಬೆರಳಾಡಿಸಿದ. "ಮೀನುಗಾರರ ಮಗ ಅನ್ನುತ್ತೀಯ, ಸದೀಕ್, ಗೆಳೆಯಾ. ನಿನಗಿಂತ ನನ್ನ ಮಗಳೇ ವಾಸಿ." ಆಮೇಲೆ ಒಳಗೆ ಕೂಗಿದ: "ಶಮ್ಸಾ, ಯಲ್ಲಾ, ಬೇಗ ಬಾ! ದೋಣಿ ಕಟ್ಟುವವರಿಲ್ಲ."

ಅವಳು ನನ್ನನ್ನು ದಾಟುವಾಗ ಅರೆಗಳಿಗೆ ನಿಂತಳು. "ಏಳು ದಿನ ಕಾದೆ. ನಿನ್ನ ನಾಲಿಗೆಗಿಂತ ಕತ್ತೆ ವೇಗ."

ನಮ್ಮ ಆ ಬಾಡಿಗೆ ಮನೆ ರಸ್ತೆ ಅಗಲವಾದಾಗ ಹೋಯಿತಂತೆ. ಅಪ್ಪಯ್ಯನೂ ಇಲ್ಲ, ಶಮ್ಸಾ ಎಲ್ಲಿದ್ದಾಳೋ ತಿಳಿಯದು. ಆದರೆ ನಿಜ ಹೇಳಿ ಬಂದ ಮಾರನೆಯ ಬೆಳಿಗ್ಗೆ ಈಗಲೂ ನೆನಪಿದೆ: ಮುಖಕ್ಕೆ ಬಿಸಿಲು ಬಿದ್ದಾಗಲೇ ನನಗೆ ಎಚ್ಚರವಾಯಿತು. ಅಪ್ಪಯ್ಯ ಇನ್ನೂ ಗೊರಕೆ ಹೊಡೆಯುತ್ತಿದ್ದರು. ಕೆಲಸಕ್ಕೆ ಹೊತ್ತಾಗಿತ್ತು, ಅಮ್ಮ ಎಬ್ಬಿಸಿರಲಿಲ್ಲ.