ಮೇಜಿನ ಮೇಲಿದ್ದ ಟಾರ್ಚು

ದೆವ್ವ, ಗಾಳಿ, ಸೋಂಕು ಇವನ್ನೆಲ್ಲ ನಾನು ನಂಬಿದವನಲ್ಲ. ರಾಮದುರ್ಗದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ ನಾನು. ಯಾರಾದರೂ ಇಂಥ ಕತೆ ಶುರು ಮಾಡಿದರೆ, "ನೀವು ಕಣ್ಣಾರೆ ಕಂಡೀರೇನು?" ಎಂದು ನಡುವೆಯೇ ಬಾಯಿ ಮುಚ್ಚಿಸುತ್ತಿದ್ದೆ. ಇದೇ ಕಾರಣಕ್ಕೆ ಸ್ಟಾಫ್ ರೂಮಿನಲ್ಲಿ ನನ್ನೊಂದಿಗೆ ಮಾತು ಬಿಟ್ಟವರೂ ಇದ್ದಾರೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕುಳಿತಿದ್ದೇನೆ. ನಗುವವರು ನಗಲಿ. ತಮಾಷೆಯೆಂದರೆ, ಕಣ್ಣಾರೆ ಕಂಡದ್ದು ನನ್ನಲ್ಲೂ ಏನೂ ಇಲ್ಲ.

ನನಗೆ ಮದುವೆಯಾಗಿಲ್ಲ. ಅದರ ಕತೆ ಬೇರೆ, ಇಲ್ಲಿ ಬೇಡ. ಶಾಲೆ ಬಿಟ್ಟು ಬಂದು ಬಾಡಿಗೆ ಮನೆಯ ಬೀಗ ತೆಗೆದರೆ ಮರುದಿನ ಬೆಳಗಿನವರೆಗೆ ಮಾತಾಡಲು ಒಂದು ಜೀವವಿಲ್ಲ. ಮೊದಮೊದಲು ಟಿವಿ ಹಚ್ಚುತ್ತಿದ್ದೆ. ಆಮೇಲೆ ಟಾರ್ಚಿನ ಹುಚ್ಚು ಹಿಡಿಯಿತು. ಯರಗಟ್ಟಿ ಸಂತೆಯಲ್ಲಿ ತಾಡಪತ್ರಿ ಹಾಸಿ ರಾಶಿ ಹಾಕಿ ಮಾರುವ ಅಗ್ಗದ ಎಲ್‌ಇಡಿ ಟಾರ್ಚುಗಳಿರುತ್ತವಲ್ಲ, ಅವನ್ನು ತಂದು ಬಿಚ್ಚುವುದು. ಡಬ್ಬಿಯ ಮೇಲೆ ಬರೆದದ್ದೆಲ್ಲ ಬುರುಡೆ. 'ಎರಡು ಕಿಲೋಮೀಟರ್ ಬೆಳಕು' ಎಂದಿದ್ದರೆ ಎದುರು ಮನೆಯ ಗೋಡೆ ಕಂಡರೆ ಪುಣ್ಯ. ಒಳಗಿನ ತೆಳು ಸ್ಪ್ರಿಂಗಿಗೆ ತಾಮ್ರದ ತಂತಿ ಬೆಸೆದರೆ ಕರೆಂಟು ಸರಾಗ ಹರಿದು ಬೆಳಕು ಏರುತ್ತದೆ. ಎಲ್‌ಇಡಿ ಬದಲಿಸಬಹುದು, ಗಾಜು ಬದಲಿಸಬಹುದು. ಆಮೇಲೆ ಎಷ್ಟು ಹೊತ್ತು ಉರಿಯುತ್ತದೆಂದು ಪರೀಕ್ಷೆ. ಕಿಟಕಿ ಮುಚ್ಚಿ ಕತ್ತಲೆ ಮಾಡಿ, ಬಿಳಿ ಪಿವಿಸಿ ಪೈಪಿನ ಒಂದು ತುದಿಗೆ ಟಾರ್ಚು, ಇನ್ನೊಂದು ತುದಿಗೆ ಬೆಳಕು ಅಳೆಯುವ ಆ್ಯಪ್ ಹಾಕಿದ ನನ್ನ ಮೊಬೈಲು. ಹತ್ತು ನಿಮಿಷಕ್ಕೊಮ್ಮೆ ಅಂಕಿ ನೋಡಿ ವಹಿಯಲ್ಲಿ ಬರೆದುಕೊಳ್ಳುತ್ತ ಕೂಡುವುದು. ಯಾರಿಗೂ ಬೇಡದ ಕೆಲಸ, ಬೆಸುಗೆಯ ಹೊಗೆಗೆ ಅಂಟಿಕೊಂಡ ಕೆಮ್ಮು ಬೇರೆ. ಆದರೆ ಸಂಜೆ ಕಳೆಯುತ್ತಿತ್ತು.

ಈ ಹುಚ್ಚಿನಿಂದ ನನಗೆ ಸಿಕ್ಕ ಒಬ್ಬನೇ ಗೆಳೆಯ ದಸ್ತಗೀರ. ತೊರಗಲ್ ಕಡೆಯ ದಾರಿಯಲ್ಲಿ, ನನ್ನ ಮನೆಯಿಂದ ಮೂರು ಕಿಲೋಮೀಟರಿನಷ್ಟು ದೂರ, ಮಲಪ್ರಭೆಯ ದಂಡೆಗೆ ಅವನ ಹೊಲ. ನಮ್ಮ ಕಡೆ ಪಂಪು ಓಡಿಸುವ ತ್ರೀಫೇಸ್ ಕರೆಂಟು ಹೆಚ್ಚಾಗಿ ರಾತ್ರಿಯೇ ಬರುವುದರಿಂದ ರೈತರಿಗೆ ಟಾರ್ಚು ಎಂದರೆ ಕಾಲಿನ ಚಪ್ಪಲಿ ಇದ್ದ ಹಾಗೆ, ಅದಿಲ್ಲದೆ ಹೊರಬೀಳುವಂತಿಲ್ಲ. ಒಮ್ಮೆ ಕೆಟ್ಟ ಟಾರ್ಚು ಹಿಡಿದು ಬಂದವನು ಆಮೇಲೆ ಸುಮ್ಮನೆಯೂ ಬರತೊಡಗಿದ. ಟಾರ್ಚಿಗೆ ನಮ್ಮಲ್ಲಿ ಬ್ಯಾಟ್ರಿ ಎಂದೇ ಹೆಸರು. "ಏನ್ರಿ ಮಾಸ್ತರ, ಇಷ್ಟೆಲ್ಲಾ ಬ್ಯಾಟ್ರಿ ಇಟಗೊಂಡು ಯಾರನ್ನ ಹುಡಕಾಕ ಹತ್ತೀರಿ?" ಎಂದು ಕಾಡಿಸುತ್ತಿದ್ದ. ರಂಜಾನ್ ಹಬ್ಬಕ್ಕೆ ಅವನ ಮನೆಯಿಂದ ಡಬ್ಬಿ ತುಂಬ ಹಾಲು-ಶಾವಿಗೆಯ ಸುರಕುಂಬಾ ಬರುತ್ತಿತ್ತು. ನನಗೆ ಹಬ್ಬವೆಂದರೆ ಅದೇ ಆಗಿತ್ತು.

ಒಂದು ದಿನ ಹೊಸ ಟಾರ್ಚು ತಂದು, "ಆಚೀ ದಂಡಿ ಕಾಣೂವಂಗ ಮಾಡಿಕೊಡ್ರಿ" ಎಂದ. ಮಾಡಿಕೊಟ್ಟೆ. ಇಂಥ ಟಾರ್ಚುಗಳ ಗುಂಡಿ ಒತ್ತಿದರೆ ಮೊದಲು ಜೋರು ಬೆಳಕು, ಮತ್ತೆ ಒತ್ತಿದರೆ ಮಂದ, ಮತ್ತೊಮ್ಮೆ ಒತ್ತಿದರೆ ಮಿಣಿಮಿಣಿ. ಆ ಮಿಣಿಮಿಣಿ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದನ್ನು ಕೀಳುವ ಭರದಲ್ಲಿ ಮಂದ ಬೆಳಕನ್ನೂ ಕಿತ್ತುಹಾಕಿದೆ. ಜೋರೊಂದೇ ಉಳಿಯಿತು. ನಾಲ್ಕು ತಾಸು ಉರಿಯುತ್ತಿದ್ದದ್ದು ಈಗ ಒಂದೂಕಾಲು ತಾಸಿಗೆ ಆರುತ್ತಿತ್ತು. ಅದು ನನ್ನ ವಹಿಯಲ್ಲಿತ್ತು, ಅವನಿಗೆ ಹೇಳಲಿಲ್ಲ. ಮಾಳಿಗೆ ಹತ್ತಿ ಬೆಳಕು ಬಿಟ್ಟು ನೋಡಿದ ಅವನು, "ಯಪ್ಪಾ, ಸೂರ್ಯಾನ್ನ ಹಿಡದ ತುಂಬೀರಲ್ರಿ!" ಎಂದಾಗ ನಾನು ಉಬ್ಬಿಹೋಗಿದ್ದೆ. ಆ ಹೊಗಳಿಕೆಯ ಮೇಲೆ ನೀರು ಹಾಕಲು ನನಗೆ ಮನಸ್ಸಾಗಲಿಲ್ಲ.

ಇದಾಗಿ ಹದಿನೈದು ದಿನವಾಗಿರಬಹುದು. ಏಳು ವರ್ಷದ ಹಿಂದಿನ ಮಳೆಗಾಲ. ಸಂಜೆ ಆಟೋಕ್ಕೆ ಮೈಕು ಕಟ್ಟಿಕೊಂಡು, ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ, ಯಾರೂ ಹೊಳೆಗೆ ಇಳಿಯಬೇಡಿ ಎಂದು ಕೂಗುತ್ತ ಹೋದರು. ನನ್ನ ಮನೆಗೂ ಹೊಳೆಗೂ ಏನು ಸಂಬಂಧ ಎಂದು ಕಿಟಕಿ ಮುಚ್ಚಿದೆ. ಅಂದು ಶಾಲೆಯಿಂದ ಬಂದು ಒಂದು ಟಾರ್ಚು ಜೋಡಿಸಿದ್ದೆ. ಅವಸರದಲ್ಲಿ ಎಲ್‌ಇಡಿ ನಡುಮಧ್ಯೆ ಕೂಡದೆ ಸರಿದಿತ್ತು. ಗೋಡೆಗೆ ಬಿಟ್ಟರೆ ಬೆಳಕಿನ ದುಂಡು ಎಡಗಡೆ ರೊಟ್ಟಿ ಮುರಿದಂತೆ ಕಾಣುತ್ತಿತ್ತು. ನಾಳೆ ಸರಿ ಮಾಡಿದರಾಯಿತು ಎಂದು ಹಾಗೆಯೇ ಏಳು ಗಂಟೆಗೆ ಪರೀಕ್ಷೆಗೆ ಇಟ್ಟೆ.

ಎಂಟೂ ನಲವತ್ತಕ್ಕೆ ಮೊಬೈಲು ಗುರ್ ಎಂದಿತು. ಬಗ್ಗಿ ನೋಡಿದರೆ ದಸ್ತಗೀರನ ಹೆಸರು. ಮಾತಾಡಬೇಕೆಂದರೆ ಪೈಪಿನಿಂದ ಮೊಬೈಲು ತೆಗೆಯಬೇಕು, ತೆಗೆದರೆ ಅದುವರೆಗಿನ ಪರೀಕ್ಷೆ ಹಾಳು. ಟಾರ್ಚು ಹೊಗಳಲು ಮಾಡಿರುತ್ತಾನೆ, ಬೆಳಿಗ್ಗೆ ಮಾತಾಡೋಣ ಎಂದು ಬಿಟ್ಟೆ. ಎರಡನೇ ಸಲ ಬಂತು. ಎರಡೇ ಸಲ ಗುರ್ ಎಂದು ಅದು ತಾನಾಗಿ ನಿಂತಿತು. ಅಂದು ಹತ್ತೂವರೆವರೆಗೆ ನಾನು ಕುರ್ಚಿ ಬಿಟ್ಟು ಎದ್ದದ್ದು ಒಮ್ಮೆ, ನೀರು ಕುಡಿಯಲು. ಹತ್ತು ಹತ್ತು ನಿಮಿಷದ ಅಂಕಿ ಒಂದೂ ತಪ್ಪದೆ ನನ್ನ ಕೈಬರಹದಲ್ಲಿದೆ. ಕಣ್ಣು ಮುಚ್ಚಿರಲಿಲ್ಲ. ಟಾರ್ಚು ನನ್ನೆದುರು ಮೇಜಿನ ಮೇಲೆಯೇ ಉರಿಯುತ್ತಿತ್ತು. ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿತ್ತು.

ಮರುದಿನ ನಾನಿನ್ನೂ ಚಹಾ ಕುಡಿದಿರಲಿಲ್ಲ, ದಸ್ತಗೀರ ಬಂದ. ಕಾಲಿಗೆ ಪಟ್ಟಿ, ಜೊತೆಗೆ ಅವನ ಮುದಿ ತಾಯಿ. ಬಂದವನೇ ನನ್ನನ್ನು ಬಾಚಿ ತಬ್ಬಿಕೊಂಡ. ಮುದುಕಿ ನನ್ನ ಮುಖ ಸವರಿ ನೆಟಿಕೆ ಮುರಿದಳು. "ದಂಡಿ ಮುಟ್ಟಿಸಿ ಒಂದ್ ಮಾತೂ ಆಡದ ಹೋಗಿಬಿಟ್ರಲ್ರಿ, ಮಾಸ್ತರ! ಸಿಟ್ಟ ಬಂದಿತ್ತೇನ?" ಎಂದ. ನನಗೆ ತಲೆಬುಡ ತಿಳಿಯಲಿಲ್ಲ.

ಅವನು ಹೇಳಿದ್ದಿಷ್ಟು. ನೀರು ಬರುವ ಮೊದಲು ಪಂಪಿನ ಮೋಟಾರು ಮೇಲೆ ಎಳೆದುಬಿಡೋಣ ಎಂದು ಒಬ್ಬನೇ ಹೊಳೆಗೆ ಇಳಿದಿದ್ದ. ಕೆಲಸ ಅರ್ಧವಾಗುವಾಗ ಟಾರ್ಚು ಆರಿತು. ಅಷ್ಟರಲ್ಲಿ ಹೊಲಕ್ಕೂ ರಸ್ತೆಗೂ ನಡುವಿನ ಹಳ್ಳಕ್ಕೆ ಹೊಳೆಯ ನೀರು ನುಗ್ಗಿತ್ತು. ಸೊಂಟದವರೆಗೆ ನೀರು, ಕಣ್ಣಿಗೆ ಬೆರಳಿಟ್ಟರೂ ಕಾಣದ ಕತ್ತಲು. ನನಗೆ ಫೋನ್ ಹಚ್ಚಿದ. ಎರಡನೇ ಸಲ ಹಚ್ಚುವಾಗ ಫೋನ್ ಕೈಜಾರಿ ನೀರಿಗೆ ಬಿತ್ತು. "ಫೋನ್ ಎತ್ತವಲ್ರು ಅಂದ್ರ ಮಾಸ್ತರ ಆಗಲೇ ಗಾಡಿ ಮ್ಯಾಲ ಹೊಂಟಾರ ಅಂತ ತಿಳಕೊಂಡೆ. ಬಂದೇಬಿಟ್ರಿ ನೋಡ್ರಿ." ಹಳ್ಳದ ಆಚೆಯಿಂದ ಬೆಳಕು ಬಂತಂತೆ. ಎಲ್ಲಿ ಒಡ್ಡು ಗಟ್ಟಿಯಿದೆಯೋ ಅಲ್ಲಿ ಬೆಳಕು ಬಿಡುತ್ತ, ಇವನು ಎಡವಿದರೆ ನಿಲ್ಲುತ್ತ, ರಸ್ತೆಯವರೆಗೂ ಮುಂದೆ ಮುಂದೆ ಹೋಯಿತಂತೆ. ಮುಖ ಕಾಣಲಿಲ್ಲ. ಎರಡು ಸಲ ಕೆಮ್ಮಿದ್ದು ಕೇಳಿಸಿತು. "ನಿಮ್ಮ ಕೆಮ್ಮ ನನಗ ಗೊತ್ತಿಲ್ಲೇನ? ಆದ್ರ ಅದ್ಯಾವ ಬ್ಯಾಟ್ರೀರಿ ಅದು? ಬೆಳಕಿನ ಎಡಮಗ್ಗಲ ರೊಟ್ಟಿ ಮುರದಂಗಿತ್ತಲ್ಲ!"

ಆ ಟಾರ್ಚನ್ನು ನಾನು ಯಾರಿಗೂ ತೋರಿಸಿರಲಿಲ್ಲ. ಅದು ಇನ್ನೂ ಪೈಪಿನಲ್ಲೇ ಇತ್ತು, ಅವನು ನಿಂತಲ್ಲಿಂದ ಎರಡು ಮಾರು ದೂರದಲ್ಲಿ, ಒಳಕೋಣೆಯಲ್ಲಿ.

ಅದು ನಾನಲ್ಲ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಒಂದು ಕಾರಣ ಗಾಬರಿ. ಇನ್ನೊಂದು ಕಾರಣ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನನ್ನನ್ನು ಯಾರಾದರೂ ತಬ್ಬಿಕೊಂಡು ಎಷ್ಟೋ ವರ್ಷವಾಗಿತ್ತು.

ಆಮೇಲೆ ನನ್ನ ಬುದ್ಧಿಗೆ ತಿಳಿದಷ್ಟು ವಿಚಾರ ಮಾಡಿದೆ. ಎಲ್‌ಇಡಿ ಸರಿಯಾಗಿ ಕೂಡದ ಟಾರ್ಚುಗಳು ಸಂತೆಯಲ್ಲಿ ಬೇಕಾದಷ್ಟು ಸಿಗುತ್ತವೆ, ಅಕ್ಕಪಕ್ಕದ ಹೊಲದವರು ಯಾರೋ ಬಂದಿರಬಹುದು. ಎರಡು ಭಾನುವಾರ ಅಲ್ಲಿಯ ಮನೆಮನೆಗೆ ಹೋಗಿ ಕೇಳಿದೆ. ಅಂದು ಯಾರೂ ಹೊಲದ ಕಡೆ ಹಾಯ್ದಿರಲಿಲ್ಲ. ಹೆದರಿದವನಿಗೆ ಏನೇನೋ ಕಾಣುತ್ತದೆ ಎನ್ನಬಹುದು. ಆದರೆ ತಾನು ನೋಡದ ಟಾರ್ಚಿನ ದೋಷ ಅವನಿಗೆ ಹೇಗೆ ಕಂಡಿತು?

ವರ್ಷಗಳು ಹೋದವು. ಅವನ ಮನೆಯಲ್ಲಿ ಏನೇ ಆದರೂ ಮೊದಲ ತಾಟು ನನ್ನದು. ಮೊಮ್ಮಕ್ಕಳಿಗೆ ಮುದುಕಿ, "ನಿಮ್ಮ ಅಪ್ಪನ ಉಳಿಸಿದಾವ್ರು ಇವ್ರ" ಎಂದು ನನ್ನನ್ನು ತೋರಿಸುತ್ತಿದ್ದಳು. ನಾನು ತಲೆ ತಗ್ಗಿಸಿ, ತಾಟಿನಲ್ಲಿದ್ದದ್ದನ್ನು ಬೇಗ ಮುಗಿಸಿ ಏಳುತ್ತಿದ್ದೆ. ಕಡೆಗೆ ಹೋದ ವರ್ಷ ಒಂದು ಮಧ್ಯಾಹ್ನ, ಅವನ ಮನೆಯ ಕಟ್ಟೆಯ ಮೇಲೆ ನಾವಿಬ್ಬರೇ ಇದ್ದಾಗ, ಎಲ್ಲವನ್ನೂ ಹೇಳಿಬಿಟ್ಟೆ. ಟಾರ್ಚು ಒಂದೂಕಾಲು ತಾಸಿಗೆ ಆರುವುದು ಗೊತ್ತಿತ್ತೆಂದೆ. ಅಂದು ಮನೆ ಬಿಟ್ಟು ಹೊರಬಂದೇ ಇಲ್ಲವೆಂದೆ. ಪೈಪು, ಪರೀಕ್ಷೆ, ಫೋನು, ಒಂದೂ ಬಿಡಲಿಲ್ಲ.

ಅವನು ಹೆದರಬಹುದು, ಇಲ್ಲವೇ ನಕ್ಕುಬಿಡಬಹುದು, ಹಾಗಾದರೆ ತನ್ನ ಮುಂದೆ ನಡೆದವರು ಯಾರು ಎಂದು ಕೇಳಬಹುದು ಎಂದುಕೊಂಡಿದ್ದೆ. ಆದರೆ ಅವನು ಅದನ್ನು ಕೇಳಲೇ ಇಲ್ಲ. ನನ್ನ ಕಡೆ ನೋಡದೆ, ಮೆಲ್ಲಗೆ ಕೇಳಿದ:

"ನನ್ನ ಹೆಸರ ನೋಡೀನೂ ಎತ್ತಲಿಲ್ಲೇನ್ರಿ, ಮಾಸ್ತರ?"