ಚಹಾದಲ್ಲಿ ಅದ್ದಿದ ಚಕ್ಕುಲಿ

ಚಕ್ಕುಲಿಯನ್ನು ಚಹಾದಲ್ಲಿ ಎಷ್ಟು ಹೊತ್ತು ಅದ್ದಬೇಕೆಂಬುದು ಸಣ್ಣ ಶಾಸ್ತ್ರವೇನಲ್ಲ. ಬೇಗ ತೆಗೆದರೆ ಅದು ಹಲ್ಲಿನೊಡನೆ ಜಗಳಕ್ಕೆ ನಿಲ್ಲುತ್ತದೆ. ತಡವಾದರೆ ಲೋಟದ ತಳದಲ್ಲಿ ಜಲಸಮಾಧಿ ಹೊಂದುತ್ತದೆ. ಇವೆರಡರ ನಡುವಿನ ಪರಿಪಕ್ವ ಮುಹೂರ್ತವನ್ನು ಗುರುತಿಸುವುದರಲ್ಲಿ ನಮ್ಮ ಬೆಳ್ಳೂರಿನಲ್ಲಿ ನನ್ನನ್ನು ಮೀರಿಸುವವರಿಲ್ಲ. ಜೀವಮಾನವಿಡೀ ಕನ್ನಡ ಪಾಠ ಮಾಡಿ ನಿವೃತ್ತನಾದವನಿಗೆ ಇಷ್ಟಾದರೂ ಪಾಂಡಿತ್ಯ ಬೇಡವೇ?

ಹೀಗಾಗಿ ಹಿರಿಯರನ್ನು ವಿಚಾರಿಸಲು ಮನೆಗೆ ಬಂದ ಆರೋಗ್ಯ ಕಾರ್ಯಕರ್ತೆ, "ಬಾಯಿಯ ಆರೋಗ್ಯ ಹೇಗುಂಟು ಮಾಷೇ?" ಎಂದಾಗ, "ಫಸ್ಟ್ ಕ್ಲಾಸ್" ಎಂದುಬಿಟ್ಟೆ. ಸುಳ್ಳೇನೂ ಹೇಳಲಿಲ್ಲ. ಬಲಗಡೆಯ ದವಡೆಹಲ್ಲುಗಳು ಕಾಲವಶವಾದ ಮೇಲೆ ಎಡಗಡೆಗೆ ವಲಸೆ ಹೋಗಿದ್ದೇನೆ. ಅಲ್ಲೂ ಒಂದು ಅಲ್ಲಾಡುತ್ತಿದೆ, ನಾಲಗೆಯೇ ಅದಕ್ಕೆ ಊರುಗೋಲು. ನೋವಿಲ್ಲದಿದ್ದರೆ ಆರೋಗ್ಯ, ಉಂಡದ್ದು ಇಳಿದರೆ ಪರಮಾರೋಗ್ಯ ಎಂಬುದೇ ನಮ್ಮ ಪ್ರಾಯದವರ ಸಿದ್ಧಾಂತ. ವೀಳ್ಯವನ್ನು ಪುಟ್ಟ ಒರಳಿನಲ್ಲಿ ಕುಟ್ಟಿ ಬಾಯಿಗಿಡುವ ನೆರೆಮನೆಯ ಐತಪ್ಪಣ್ಣನಂತೂ, "ಹಲ್ಲೇ ಇಲ್ಲ, ಮತ್ತೆ ಎಂತ ರೋಗ ಮಾರಾಯ್ತಿ?" ಎಂದು ಆಕೆಯನ್ನೇ ಕೇಳಿದನಂತೆ.

ನನ್ನ ಈ ಆತ್ಮವಿಶ್ವಾಸಕ್ಕೆ ಏಟು ಬಿದ್ದದ್ದು ಮೀಂಜದಲ್ಲಿ, ನನ್ನ ಹೆಂಡತಿ ಸಾವಿತ್ರಿಯ ಅಕ್ಕನ ಮನೆಯಲ್ಲಿ. ತೆಂಗಿನೆಣ್ಣೆಯಲ್ಲಿ ಗರಿಗರಿಯಾಗಿ ಕರಿದ ಹಲಸಿನಕಾಯಿ ಸೋಂಟೆಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಸಾವಿತ್ರಿ ಕುರುಂಕುರುಂ ಎಂದು ತಿನ್ನುತ್ತಿದ್ದಳು. ಅವಳ ಮುಖದಲ್ಲಿ ಅಂಥ ಖುಷಿ ಕಂಡು ಬಹಳ ಕಾಲವಾಗಿತ್ತು. ಮನೆಯಲ್ಲಿ ಇವಳು ಇದನ್ನೇಕೆ ಮಾಡುವುದಿಲ್ಲವೆಂದು ಕೇಳಿದೆ. ಅಕ್ಕ ನಕ್ಕರು: "ನಿಮ್ಮ ಹಲ್ಲಿಗೆ ಆಗುವುದಿಲ್ಲ ಅಂತ ಅವಳು ಬಿಟ್ಟು ಎಷ್ಟು ಕಾಲ ಆಯ್ತು! ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಕುಚ್ಚಲಕ್ಕಿ ಅನ್ನ ಇನ್ನೊಂದು ಕುದಿ ಹೆಚ್ಚು ಬೇಯುತ್ತಿದ್ದುದು, ಹಸಿ ಸೌತೆ ಊಟದಿಂದ ಮಾಯವಾದದ್ದು, ಯಾವುದೂ ನನ್ನ ಗಮನಕ್ಕೆ ಬಂದಿರಲಿಲ್ಲ; ಉಂಡದ್ದು ಸಲೀಸಾಗಿ ಇಳಿಯುವುದನ್ನು ನನ್ನ ಹಲ್ಲಿನ ಪರಾಕ್ರಮವೆಂದೇ ತಿಳಿದಿದ್ದೆ. ಹಲ್ಲಿದ್ದವರಿಗೆ ಕಡಲೆಯಿಲ್ಲ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಲು ಎಷ್ಟು ಮಕ್ಕಳಿಗೆ ಕೊಟ್ಟೆನೋ; ಹಲ್ಲಿದ್ದವಳೊಬ್ಬಳು ನನ್ನೆದುರೇ ಕುಳಿತು ನನ್ನ ಮೆತ್ತನೆಯ ಅನ್ನವನ್ನು ಉಣ್ಣುತ್ತಿದ್ದುದು ಮಾತ್ರ ನನಗೆ ಕಾಣಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವಳ ಮೇಲೆ ಪ್ರೀತಿ ಉಕ್ಕಿತು.

ಮೀಂಜದಿಂದ ಬಲಿತ ಹಲಸಿನಕಾಯಿಯೊಂದನ್ನು ಹೊತ್ತು ತಂದೆ. ಮರುದಿನವೇ ದಂತವೈದ್ಯರಲ್ಲಿಗೂ ಹೋದೆ. ಅವರು ಅಲ್ಲಾಡುವ ಹಲ್ಲನ್ನು ಬೀಳ್ಕೊಟ್ಟು, ಗಾಯ ಮಾಗಿದ ಮೇಲೆ ಹೊಸದನ್ನು ಕೂರಿಸುವ ಭರವಸೆ ಕೊಟ್ಟರು.

ಸಾವಿತ್ರಿ ಮಾತ್ರ ಬಾಣಲೆ ಇಡಲು ಒಪ್ಪಲಿಲ್ಲ. "ನಿಮಗೆ ತಿನ್ನಲಿಕ್ಕಾಗದ್ದು ನನಗೊಬ್ಬಳಿಗೆ ಎಂತಕ್ಕೆ?"

"ಕರಿ ಮಾರಾಯ್ತಿ," ಎಂದೆ, "ನನಗೆ ಕೇಳಲಿಕ್ಕೆ."

ಇವತ್ತು ಸಂಜೆ ಎಂದಿನಂತೆ ಚಕ್ಕುಲಿಯನ್ನು ಚಹಾದಲ್ಲಿ ಅದ್ದಿ ಕುಳಿತಿದ್ದೆ. ಎದುರಿನಿಂದ ಕುರುಂಕುರುಂ ಕೇಳಿಬರುತ್ತಿತ್ತು. ಕೇಳುತ್ತ ಕೇಳುತ್ತ ನನ್ನ ಮುಹೂರ್ತ ತಪ್ಪಿತು, ಚಕ್ಕುಲಿ ತಳ ಸೇರಿತು. ಚಮಚ ತರಲು ಸಾವಿತ್ರಿ ಏಳಹೊರಟಳು. ನೀನು ತಿನ್ನು ಎಂದು ಅವಳನ್ನು ಕೂರಿಸಿ, ನಾನೇ ಎದ್ದೆ.