ಮೆಷಿನ್ ಬಂದ ಮೇಲೆ

ಹಗರೆಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಹಸು ಸಾಕಿ, ಡೇರಿಗೆ ಹಾಲು ಹಾಕಿ, ಮನೆಗೆ ಒಂದೊಂದೇ ಅನುಕೂಲ ತಂದವರು. ಗ್ಯಾಸ್ ಬಂದಾಗಲೂ, ಮಿಕ್ಸಿ ಬಂದಾಗಲೂ ಸೊಂಟಕ್ಕೆ ಕೈಯಿಟ್ಟು, "ನಾನಿನ್ನು ರಾಣಿ ಕಣವ್ವ" ಎನ್ನುತ್ತಿದ್ದರು. ಕೊನೆಗೆ ವಾಷಿಂಗ್ ಮೆಷಿನ್ನೂ ಬಂತು. ಕೆಲವು ದಿನ ರಾಣಿಯವರು ಅದರೆದುರು ಒಬ್ಬರೇ ಕುಳಿತು ಆಕಳಿಸಿದರು. ಒಂದು ಬೆಳಿಗ್ಗೆ, ಒಗೆದ ಸೀರೆಗಳನ್ನೇ ಬಕೆಟ್ಟಿಗೆ ತುಂಬಿಕೊಂಡು ಕೆರೆಗೆ ಹೊರಟರು.

"ಅಜ್ಜಿ, ಅವು ಮೆಷಿನ್ನಲ್ಲಿ ಒಗೆದವಲ್ವಾ?" ಎಂದೆ.

"ಚೆನ್ನಾಗೇ ಒಗೀತೈತೆ, ಇಲ್ಲ ಅನ್ನಾಕಿಲ್ಲ. ಆದ್ರೆ ಊರ ಸುದ್ದಿ ಹೇಳ್ತೈತಾ?"

ಸ್ವಲ್ಪ ಹೊತ್ತಿಗೇ ಕೆರೆಯಿಂದ ಮರಳಿದರು. ಜೊತೆಗೆ ನಾಲ್ವರು ಗೆಳತಿಯರು, ಅವರ ಕಂಕುಳಲ್ಲಿ ಒಗೆಯದ ಬಟ್ಟೆಯ ಗಂಟುಗಳು. ಒಳಗೆ ಮೆಷಿನ್ ತಿರುಗಿತು, ಜಗಲಿಯಲ್ಲಿ ಮಾತು ಶುರುವಾಯಿತು. ಅಂಗಳದಲ್ಲಿ ಹರವಿದ ಬಟ್ಟೆಗಳೆಲ್ಲ ಒಣಗಿ ಗರಿಗರಿಯಾದರೂ ಒಬ್ಬರೂ ಏಳಲಿಲ್ಲ.